ತಮ್ಮ ಹೋಗುವ ಡೇ ಸೆಂಟರ್: ಎರಡು ವರ್ಷ ಕಳಿಸಿದ ಮೇಲೆ

ನನ್ನ ತಮ್ಮನಿಗೆ 34 ವರ್ಷ. ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಸ್ಪೆಷಲ್ ಸ್ಕೂಲ್ ಮುಗಿದ ಮೇಲೆ ಹತ್ತು ಹನ್ನೆರಡು ವರ್ಷ ಆದಿ ಉಡುಪಿಯ ನಮ್ಮ ಮನೆಯಲ್ಲೇ ಇದ್ದ. ಬೆಳಿಗ್ಗೆ ಟಿವಿ, ಮಧ್ಯಾಹ್ನ ಊಟ, ನಿದ್ದೆ, ಮತ್ತೆ ಟಿವಿ. ಚಿಕ್ಕವರಿಗಾದರೆ ಶಾಲೆ ಅಂತ ಒಂದಿರುತ್ತದೆ, ದೊಡ್ಡವರಾದ ಮೇಲೆ ಇವರು ಎಲ್ಲಿಗೆ ಹೋಗಬೇಕು ಅಂತ ಯಾರನ್ನು ಕೇಳಿದರೂ "ಮನೆಯಲ್ಲಿ ಅಮ್ಮ ಇದ್ದಾರಲ್ವಾ" ಅನ್ನುತ್ತಿದ್ದರು. ಅಮ್ಮನಿಗೆ ಈಗ 68.

ಎರಡು ವರ್ಷದಿಂದ ಉಡುಪಿಯ ಒಂದು ಡೇ ಸೆಂಟರಿಗೆ ಕಳಿಸುತ್ತಿದ್ದೇವೆ. ಇಂಥವರಲ್ಲಿ 18 ದಾಟಿದವರು ಮಾತ್ರ ಹಗಲು ಹೊತ್ತು ಬಂದು ಹೋಗುವ ಜಾಗ. ದೂರುಗಳನ್ನೂ ಹೇಳುವುದಿದೆ, ಹಾಗಾಗಿ ಹೆಸರು ಬರೆಯುತ್ತಿಲ್ಲ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಸೆಂಟರ್ ನೋಡಲು ಹೋದಾಗ ಏನೇನು ಗಮನಿಸಬೇಕು ಅಂತ ಗೊತ್ತಾಗಲಿ ಅನ್ನುವುದಕ್ಕೆ ಬರೆಯುತ್ತಿದ್ದೇನೆ.

ಅಲ್ಲಿ ಮೆಡಿಕಲ್ ಶಾಪಿಗೆ ಪೇಪರ್ ಕವರ್ ಮಾಡುತ್ತಾರೆ, ಪಿನಾಯಿಲ್ ತುಂಬಿಸುತ್ತಾರೆ, ಹೂಬತ್ತಿ ಹೊಸೆಯುತ್ತಾರೆ. ನನ್ನ ತಮ್ಮನದು ಹೂಬತ್ತಿ. ಅವನಿಗೆ ಎಣಿಸಲು ಬರುವುದಿಲ್ಲ, ಏಳು ಆದ ಮೇಲೆ ಹನ್ನೆರಡು ಅನ್ನುತ್ತಾನೆ. ಶಾಲೆಯಲ್ಲಿ ವರ್ಷಗಟ್ಟಲೆ ಕಲಿಸಿ ಬಿಟ್ಟಿದ್ದರು. ಇಲ್ಲಿಯ ಟೀಚರ್ ಆ ಗೋಜಿಗೇ ಹೋಗಲಿಲ್ಲ, ಒಂದು ಹಳೆಯ ಚೆನ್ನೆಮಣೆ, ಅಂದರೆ 14 ಗುಳಿ ಇರುವ ಆಟದ ಮಣೆ, ತಂದು ಅವನ ಮುಂದೆ ಇಟ್ಟರು. ಒಂದೊಂದು ಗುಳಿಗೆ ಎರಡೆರಡು ಬತ್ತಿ. ದೇವರ ದೀಪಕ್ಕೆ ಜೋಡಿ ಬತ್ತಿ ಹಾಕುವುದನ್ನು ಚಿಕ್ಕಂದಿನಿಂದ ಅಮ್ಮನ ಪಕ್ಕ ಕೂತು ನೋಡಿದವನು ಅವನು, ಅದನ್ನು ಹೇಳಿಕೊಡಬೇಕಾಗಲೇ ಇಲ್ಲ. 14 ಗುಳಿ ತುಂಬಿದರೆ 28 ಬತ್ತಿ, ಒಂದು ಪ್ಯಾಕೆಟ್. ಯಾವುದಾದರೂ ಗುಳಿ ಖಾಲಿ ಉಳಿದಿದೆಯಾ ಅಂತ ಬೆರಳಿನಿಂದ ಒಂದೊಂದನ್ನೇ ಮುಟ್ಟಿ ನೋಡುತ್ತಾನೆ, ಆಮೇಲೆ ಕವರಿಗೆ ಹಾಕುತ್ತಾನೆ. ಮೊದಲ ಸಲ ಇದನ್ನು ನೋಡಿದ ದಿನ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ತಿಂಗಳಿಗೆ 700 ರೂಪಾಯಿ ಅವನ ಕೈಗೇ ಕೊಡುತ್ತಾರೆ, ಕಡಿಮೆಯೇ, ಆದರೆ ಅವನದು.

ಇನ್ನು ಬಸ್ಸು. ನನ್ನ ಮಟ್ಟಿಗೆ ಇದೇ ದೊಡ್ಡದು. ಮೊದಲ ಎರಡು ತಿಂಗಳು ವ್ಯಾನ್ ಬರುತ್ತಿತ್ತು, ಆಮೇಲೆ ಟೀಚರ್ "ಇವರು ಬಸ್ಸಲ್ಲಿ ಬರಲಿ, ಬರ್ತಾರೆ" ಅಂದರು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸೆಂಟರಿನ ಒಬ್ಬ ಹುಡುಗ ಮೂರು ವಾರ ತಮ್ಮನ ಪಕ್ಕದ ಸೀಟಿನಲ್ಲೇ ಕೂತು ಬಂದ. ಆಮೇಲೆ ಹಿಂದಿನ ಸೀಟಿಗೆ ಹೋದ, ಆಮೇಲೆ ಬಸ್ಸೇ ಹತ್ತದೆ ಸ್ಕೂಟರಿನಲ್ಲಿ ಹಿಂದೆ ಬಂದ, ಕೊನೆಗೆ ಸ್ಟಾಪಿನಲ್ಲಿ ಮಾತ್ರ ನಿಂತ. ಬೋರ್ಡ್ ಓದಲು ಬಾರದವನಿಗೆ ಇಳಿಯುವ ಜಾಗದ ಗುರುತು ಒಂದು ದೊಡ್ಡ ಮರ.

ಜೂನ್‌ನಲ್ಲಿ ಮಳೆ ಹಿಡಿದಾಗ ಎಡವಟ್ಟಾಯಿತು. ನಮ್ಮ ಕಡೆ ಜೋರು ಮಳೆಗೆ ಬಸ್ಸಿನ ಎರಡೂ ಬದಿಯ ಟರ್ಪಾಲು ಇಳಿಸಿಬಿಡುತ್ತಾರೆ, ಮರ ಕಾಣುವುದು ಹೇಗೆ? ಮಣಿಪಾಲದವರೆಗೂ ಹೋಗಿಬಿಟ್ಟ. ಕಂಡಕ್ಟರ್ ಅವನ ಕಿಸೆಯ ಕಾರ್ಡ್ ನೋಡಿ ಫೋನ್ ಮಾಡಿದರು, ವಾಪಸ್ ಟ್ರಿಪ್ಪಿನಲ್ಲಿ ತಂದು ಇಳಿಸಿದರು. ಇನ್ನು ಬಸ್ಸು ಬೇಡ ಅಂತ ನಾನೇ ಹೇಳಿದೆ. ಸೆಂಟರಿನವರು ಒಪ್ಪಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಎದುರಿನ ಗಾಜಿನಿಂದ ನೋಡುವುದು, ಹತ್ತಿದ ಕೂಡಲೇ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳುವುದು, ಎರಡನ್ನೂ ಮತ್ತೆ ಹತ್ತು ದಿನ ಅಭ್ಯಾಸ ಮಾಡಿಸಿದರು. ಈಗ ಕಂಡಕ್ಟರುಗಳೇ ಅವನು ಒಂದು ದಿನ ಬರದಿದ್ದರೆ "ಅಣ್ಣ ಎಲ್ಲಿ" ಅಂತ ಮರುದಿನ ಕೇಳುತ್ತಾರೆ.

ಕಾಗದಪತ್ರದ ಸಹಾಯವೂ ಸಿಕ್ಕಿತು. 18 ಆದ ಮೇಲೆ ಹೆತ್ತ ತಾಯಿ ಕೂಡ ತನ್ನಷ್ಟಕ್ಕೆ ಕಾನೂನು ಪ್ರಕಾರ ಪೋಷಕಿ (ಗಾರ್ಡಿಯನ್) ಆಗುವುದಿಲ್ಲ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಜಿಲ್ಲಾಧಿಕಾರಿ ಕಚೇರಿ ಇರುವ ಮಣಿಪಾಲದ ರಜತಾದ್ರಿಗೆ ನಮ್ಮ ಜೊತೆ ಸೆಂಟರಿನವರೂ ಬಂದರು. ಅದೇ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದೂ ಅವರೇ, ವರ್ಷಕ್ಕೆ 1 ಲಕ್ಷದವರೆಗೆ, ಮೊದಲೇ ವೈದ್ಯಕೀಯ ತಪಾಸಣೆ ಕೇಳುವುದಿಲ್ಲ. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ತೊಂದರೆ ಜಾಸ್ತಿ, ಇವನಿಗೂ ಇದೆ, ರಕ್ತ ಪರೀಕ್ಷೆ ಆಗಾಗ ಬೇಕು. ವರ್ಷ ವರ್ಷ ವಿಮೆಯ ರಿನ್ಯೂವಲ್ ಮಾತ್ರ ಮರೆಯಬೇಡಿ.

ಈಗ ದೂರು. ಅಲ್ಲಿ ಎಲ್ಲರನ್ನೂ "ಮಕ್ಕಳು" ಅನ್ನುತ್ತಾರೆ. ನನ್ನ ತಮ್ಮ ದಿನ ಬಿಟ್ಟು ದಿನ ಶೇವ್ ಮಾಡುವವನು. ದಾನ ಕೊಡುವವರು ಹುಟ್ಟುಹಬ್ಬಕ್ಕೆ ಕೇಕ್ ತಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲರೂ ಸಾಲಾಗಿ ನಿಂತು ಹಾಡಬೇಕು, ಫೋಟೋ ತೆಗೆಸಬೇಕು. ನಿಮ್ಮ ಆಫೀಸಿನಲ್ಲಿ ಹೀಗೆ ಮಾಡಿಸಿದರೆ ಸುಮ್ನೆ ಇರ್ತೀರಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಪೋಷಕರು ಇವರ ಜೊತೆ ಸೇರಿ ನಿರ್ಧಾರ ಮಾಡಬೇಕು ಅನ್ನುತ್ತದೆ, ಹಾಡಬೇಕಾ ಬೇಡವಾ ಅಂತ ಅವನನ್ನೂ ಕೇಳಬಹುದಲ್ವಾ. ಎರಡು ಸಲ ಹೇಳಿದ ಮೇಲೆ ಈಗ ಇಷ್ಟ ಇರುವವರು ಮಾತ್ರ ಏಳುತ್ತಾರೆ, "ಮಕ್ಕಳು" ಮಾತ್ರ ಹಾಗೇ ಇದೆ. ಸಂಜೆ ನಾಲ್ಕಕ್ಕೆ ದಿನಾ ಎಣ್ಣೆಯಲ್ಲಿ ಕರಿದ ಗೋಳಿಬಜೆ ಬೇಡ ಅಂತಲೂ ಹೇಳಿದ್ದೇನೆ, ಥೈರಾಯ್ಡ್ ಇರುವವನಿಗೆ ತೂಕ ಏರಿದರೆ ಇಳಿಸುವುದು ಕಷ್ಟ.

ಹೆಂಗಸರು ತೀರಾ ಕಡಿಮೆ, 26 ಜನರಲ್ಲಿ ಐದೇ ಮಂದಿ. ಆಯಾ ಒಬ್ಬರೇ ಇರುವುದರಿಂದ ಮನೆಯವರು ಕಳಿಸಲು ಹೆದರುತ್ತಾರೆ, ಅದು ನನಗೂ ಅರ್ಥವಾಗುತ್ತದೆ. ರಾತ್ರಿ ಉಳಿಯುವ ವ್ಯವಸ್ಥೆ ಇಲ್ಲ. ಹೋದ ವರ್ಷ ಅಮ್ಮನಿಗೆ ಕಣ್ಣಿನ ಆಪರೇಷನ್ ಆದಾಗ ನಾನು ನಾಲ್ಕು ದಿನ ರಜೆ ಹಾಕಬೇಕಾಯಿತು. ಅಮ್ಮನ ಕೈಲಾಗದ ಕಾಲಕ್ಕೆ ಏನು ಅಂತ ಪಾಲಕರ ಮೀಟಿಂಗಿನಲ್ಲಿ ಕೇಳಿದೆ. ನಾಲ್ಕೈದು ಜನ ಇರಬಹುದಾದ ಬಾಡಿಗೆ ಮನೆ ಹುಡುಕುತ್ತಿದ್ದಾರಂತೆ, ಒಪ್ಪುವ ಮಾಲೀಕರು ಇನ್ನೂ ಸಿಕ್ಕಿಲ್ಲ.

ಫೀಸು ತಿಂಗಳಿಗೆ 2,500, ಮಧ್ಯಾಹ್ನದ ಊಟ ಸೇರಿ. ಇಂಥ ಯಾವ ಸೆಂಟರ್ ನೋಡಲು ಹೋದರೂ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ, ಆಗಲೇ ಕೆಲಸ ನಡೆಯುವ ಹೊತ್ತು. ಗೋಡೆಯ ಫೋಟೋ ಬಿಟ್ಟು ಅಲ್ಲಿರುವವರ ಕೈ ನೋಡಿ. ಸೇರಿಸುವ ಮೊದಲು ನಿಮ್ಮವರನ್ನೂ ಒಂದು ದಿನ ಅಲ್ಲಿ ಕೂರಿಸಿ, ಮನೆಗೆ ಬರುವ ದಾರಿಯಲ್ಲಿ ಅವರನ್ನೇ ಕೇಳಿ.