ಸಪ್ತಾಪುರದ ಚಿತ್ರಸಂಘದಲ್ಲಿ ಜಾಕ್ಲಿನ್ ಹೋಸೆ: ಒಂದು ಪ್ರದರ್ಶನ ಸರಣಿಯ ವಿಮರ್ಶೆ

ಧಾರವಾಡದ ಸಪ್ತಾಪುರದಲ್ಲಿ, ಒಂದು ಖಾಸಗಿ ವಾಚನಾಲಯದ ಮಹಡಿಯಲ್ಲಿ ಸೇರುವ ಚಿತ್ರಸಂಘವು ಈಚೆಗೆ ಫಿಲಿಪೀನ್ಸ್‌ನ ನಟಿ ಜಾಕ್ಲಿನ್ ಹೋಸೆ ಅವರ ಮೂರು ಚಿತ್ರಗಳನ್ನು ಶನಿವಾರ ಸಂಜೆಗಳಲ್ಲಿ ತನ್ನ ಸದಸ್ಯರಿಗೆ ತೋರಿಸಿತು. ಇಡೀ ಸರಣಿಗೆ 150 ರೂಪಾಯಿ ಪ್ರವೇಶ ಶುಲ್ಕ, ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ಅಚ್ಚು ಮಾಡಿದ ಒಂದು ಪರಿಚಯ ಹಾಳೆ, ಪ್ರದರ್ಶನದ ನಂತರ ಚರ್ಚೆ, ನಡುವೆ ಚಹಾ. ನಮ್ಮ ಭಾಗದ ಚಿತ್ರಸಂಘಗಳು ಸಾಮಾನ್ಯವಾಗಿ ನಿರ್ದೇಶಕರ ಹೆಸರಿನಲ್ಲಿ ಸರಣಿಗಳನ್ನು ರೂಪಿಸುತ್ತವೆ. ಒಬ್ಬ ನಟಿಯ ಮೂವತ್ತು ವರ್ಷಗಳ ದುಡಿಮೆಯನ್ನು ಆಧಾರವಾಗಿಟ್ಟುಕೊಂಡು ಕಾರ್ಯಕ್ರಮ ಕಟ್ಟಿದ್ದನ್ನು ಹುಬ್ಬಳ್ಳಿ-ಧಾರವಾಡದಲ್ಲಿ ನಾನು ಕಂಡಿದ್ದು ಇದೇ ಮೊದಲು. ಆಯ್ಕೆ ಮತ್ತು ಪರಿಚಯ ಹಾಳೆಗಳ ವಿಷಯದಲ್ಲಿ ಸಂಘವು ಮಾಡಿದ ಕೆಲಸ ಉತ್ತಮ ದರ್ಜೆಯದು. ಪರದೆ ಮತ್ತು ಧ್ವನಿಯ ವ್ಯವಸ್ಥೆ ಆ ಮಟ್ಟಕ್ಕೆ ಏರಲಿಲ್ಲ. ಕಿರುತೆರೆಯನ್ನು ಪೂರ್ತಿಯಾಗಿ ಕೈಬಿಟ್ಟಿದ್ದು ಸರಣಿಯ ದೊಡ್ಡ ಕೊರತೆ.

ಜಾಕ್ಲಿನ್ ಹೋಸೆ ಅವರ ಹುಟ್ಟುಹೆಸರು ಮೇರಿ ಜೇನ್ ಗುಕ್. ಪಂಪಾಂಗಾ ಪ್ರಾಂತದ ಆಂಜೆಲೆಸ್ ನಗರ ಅವರ ಊರು. ಅಮೆರಿಕದ ಕ್ಲಾರ್ಕ್ ವಾಯುನೆಲೆ ದಶಕಗಳ ಕಾಲ ಇದ್ದದ್ದು ಆ ನಗರದ ಮಗ್ಗುಲಲ್ಲಿಯೇ. 1980ರ ದಶಕದ ನಡುವಿನಲ್ಲಿ, ಫಿಲಿಪೀನ್ಸ್‌ನ ಅಧ್ಯಕ್ಷ ಮಾರ್ಕೋಸ್ ಆಡಳಿತದ ಕೊನೆಯ ದಿನಗಳಲ್ಲಿ, ಅವರು ಚಿತ್ರರಂಗಕ್ಕೆ ಬಂದಾಗ ಅಲ್ಲಿನ ನಿರ್ಮಾಪಕರು ಕಾಮಪ್ರಚೋದಕ ಚಿತ್ರಗಳನ್ನು ನಂಬಿಕೊಂಡಿದ್ದರು. ಅಂಥ ಚಿತ್ರಗಳಿಗೆ ಬಂದ ಎಳೆಯ ನಟಿಯರಲ್ಲಿ ಹೆಚ್ಚಿನವರು ನಾಲ್ಕಾರು ವರ್ಷಗಳಲ್ಲಿ ಮರೆಗೆ ಸರಿದರು. ಹೋಸೆ ಉಳಿದುಕೊಂಡರು, ಏಕೆಂದರೆ ಲೀನೊ ಬ್ರೋಕಾ ಮತ್ತು ಚೀಟೊ ರೋನ್ಯೊ ಅವರಂಥ ನಿರ್ದೇಶಕರು ಆ ಮಾರುಕಟ್ಟೆಯ ಚೌಕಟ್ಟಿನೊಳಗೇ ಬಡತನದ ಮತ್ತು ಅಧಿಕಾರದ ಕಥೆಗಳನ್ನು ಹೇಳುತ್ತಿದ್ದರು. ಆ ಕಥೆಗಳನ್ನು ಹೊರಬಲ್ಲ ಮುಖ ಅವರಿಗೆ ಬೇಕಾಗಿತ್ತು. 1986ರ 'ತಾಕಾವ್ ತುಕ್ಸೊ' ಚಿತ್ರದ ಅಭಿನಯಕ್ಕಾಗಿ ಹೋಸೆ ಅವರಿಗೆ ಗವಾದ್ ಉರಿಯನ್ ಪ್ರಶಸ್ತಿ ದೊರೆಯಿತು. ಇದು ಚಿತ್ರ ವಿಮರ್ಶಕರ ಬಳಗವೊಂದು 1977ರಿಂದ ಕೊಡುತ್ತ ಬಂದಿರುವ ಪ್ರಶಸ್ತಿ. ಗಲ್ಲಾಪೆಟ್ಟಿಗೆಯ ಲೆಕ್ಕ ಅದರ ಹತ್ತಿರ ಸುಳಿಯುವುದಿಲ್ಲ. ಈ ಹಿನ್ನೆಲೆಯನ್ನು ಸಂಘದ ಮೊದಲ ಹಾಳೆ ಅಚ್ಚುಕಟ್ಟಾಗಿ ವಿವರಿಸಿತ್ತು. ಹಾಳೆ ಬರೆದವರು ಯಾರೆಂದು ಮುದ್ರಿಸದಿದ್ದುದು ಸರಿಯಲ್ಲ. ಇಷ್ಟು ಹದವಾದ ಬರವಣಿಗೆಗೆ ಹೆಸರು ಇರಬೇಕು.

ಮೊದಲ ಸಂಜೆ ತೋರಿಸಿದ ಚಿತ್ರ ಬ್ರೋಕಾ ಅವರ 1988ರ 'ಮಾಚೊ ಡಾನ್ಸರ್'. ಹಳ್ಳಿಯಿಂದ ಮನಿಲಾಕ್ಕೆ ಬಂದು ಮೈಮಾರುವ ದಂಧೆಗೆ ಬೀಳುವ ಯುವಕನ ಕಥೆಯಲ್ಲಿ ಹೋಸೆ ಅವರದು ಅದೇ ದಂಧೆಯಲ್ಲಿರುವ ಬ್ಯಾಂಬಿ ಎಂಬ ಹುಡುಗಿಯ ಪಾತ್ರ. ತೆರೆಯ ಮೇಲೆ ಅವರಿರುವ ಅವಧಿ ಕಡಿಮೆ. ಆದರೂ ಸರಣಿಯನ್ನು ಇಲ್ಲಿಂದ ಆರಂಭಿಸಿದ್ದು ಯೋಗ್ಯವಾಗಿತ್ತು, ಏಕೆಂದರೆ ಅವರ ಅಭಿನಯದ ಮುಖ್ಯ ಲಕ್ಷಣ ಇಲ್ಲಿಯೇ ಸ್ಪಷ್ಟವಾಗಿ ಕೇಳಿಸುತ್ತದೆ. ಹೋಸೆ ಮಾತನ್ನು ಏರಿಸುವುದಿಲ್ಲ, ಇಳಿಸುವುದಿಲ್ಲ. ಸಿಟ್ಟು, ಹೆದರಿಕೆ, ಪ್ರೀತಿ ಎಲ್ಲವನ್ನೂ ಒಂದೇ ಮಟ್ಟದ ತಗ್ಗಿದ ಧ್ವನಿಯಲ್ಲಿ ಹೇಳಿಬಿಡುತ್ತಾರೆ. ಭಾವನೆಯ ಕೆಲಸವನ್ನು ಕಣ್ಣು ಮತ್ತು ಕೈಗಳಿಗೆ ಬಿಡುತ್ತಾರೆ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಕಾಲದಿಂದ ನಮ್ಮ ಭಾಗದ ಅಭಿನಯ ಪರಂಪರೆ ಹಿಂದಿನ ಸಾಲಿನ ಪ್ರೇಕ್ಷಕನಿಗೂ ಮುಟ್ಟುವ ಕಂಠವನ್ನು ಗೌರವಿಸುತ್ತ ಬಂದಿದೆ, ಮತ್ತು ಆ ಗೌರವ ನನಗೂ ಇದೆ. ಅದೇ ಕಿವಿಯಿಂದ ಹೋಸೆ ಅವರನ್ನು ಕೇಳಿದವರಿಗೆ ಮೊದಲಿಗೆ ನಿರಾಸೆಯಾಗುವುದು ಸಹಜ. ಚರ್ಚೆಯಲ್ಲಿ ಹಿರಿಯ ರಂಗನಟರೊಬ್ಬರು ಈಕೆ ಅಭಿನಯಿಸುತ್ತಿದ್ದಾರೋ ಇಲ್ಲವೋ ಎಂದು ನೇರವಾಗಿಯೇ ಕೇಳಿದರು. ಸಂಘದ ನಿರೂಪಕರು ಆ ಪ್ರಶ್ನೆಗೆ ಅಂದೇ ಉತ್ತರಿಸದೆ, ಮೂರನೆಯ ಚಿತ್ರ ನೋಡಿದ ಮೇಲೆ ಮತ್ತೆ ಮಾತಾಡೋಣ ಎಂದು ವಿನಂತಿಸಿದ್ದು ನನಗೆ ಬಹಳ ಹಿಡಿಸಿತು.

ಎರಡನೆಯ ಚಿತ್ರ ಬ್ರಿಲಾಂತೆ ಮೆಂದೋಸಾ ಅವರ 'ಸೆರ್ಬಿಸ್'. 2008ರಲ್ಲಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದ ಮುಖ್ಯ ಸ್ಪರ್ಧೆಗೆ ಹೋದ ಈ ಚಿತ್ರದ ಕಥೆ ನಡೆಯುವುದು ಹೋಸೆ ಅವರ ಹುಟ್ಟೂರಾದ ಆಂಜೆಲೆಸ್‌ನಲ್ಲಿಯೇ. 'ಫ್ಯಾಮಿಲಿ' ಎಂಬ ಹೆಸರಿನ, ಬಣ್ಣ ಕಳೆದುಕೊಂಡ ಹಳೆಯ ಚಿತ್ರಮಂದಿರದಲ್ಲಿ ಒಂದು ಕುಟುಂಬ ವಾಸವಾಗಿದೆ. ಅಶ್ಲೀಲ ಚಿತ್ರಗಳನ್ನು ಓಡಿಸಿ ಹೊಟ್ಟೆ ಹೊರೆಯುತ್ತಿದೆ. ಕತ್ತಲ ಆಸನಗಳ ನಡುವೆ ಬೇರೆ ವ್ಯಾಪಾರ ನಡೆಯುತ್ತಿದೆ. ಮನೆಯ ಯಜಮಾನಿಯಾಗಿ ಗೀನಾ ಪಾರೆನ್ಯೊ, ಮಗಳು ನೈದಾ ಆಗಿ ಹೋಸೆ. ಬಾಗಿಲು ಮುಚ್ಚಿದ ಒಂಟಿ ಪರದೆಯ ಟಾಕೀಜುಗಳನ್ನು ಹುಬ್ಬಳ್ಳಿಯಲ್ಲಿ ನೋಡಿದವರಿಗೆ ಆ ಕಟ್ಟಡದ ಮೆಟ್ಟಿಲು, ಗೋಡೆಯ ತೇವ, ಹರಿದ ಸೀಟು ಯಾವುದೂ ಪರದೇಶದ್ದೆನಿಸುವುದಿಲ್ಲ. ನೈದಾ ಇಡೀ ದಿನ ಆ ಕಟ್ಟಡದ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಲೇ ಇರುತ್ತಾಳೆ. ಆಕೆಗೆ ಉದ್ದನೆಯ ಸಂಭಾಷಣೆಗಳಿಲ್ಲ. ಮನೆಯ ಎಲ್ಲ ಹೊಣೆ ಹೊತ್ತ ಹೆಣ್ಣಿನ ದಣಿವು ನಡಿಗೆಯಲ್ಲಿದೆ.

ಇಲ್ಲಿ ವ್ಯವಸ್ಥೆಯ ದೋಷ ನಿಜಕ್ಕೂ ಅಡ್ಡ ಬಂದಿತು. ಮೆಂದೋಸಾ ಬೀದಿಯ ವಾಹನಗಳ ಗದ್ದಲವನ್ನು ಬೇಕೆಂದೇ ಮಾತಿನ ಮೇಲೆ ಹರಿಸುತ್ತಾರೆ. ಆ ಗದ್ದಲದ ಪದರಗಳನ್ನು ಬಿಡಿಸಿ ಕೇಳಿಸುವ ಸ್ಪೀಕರುಗಳು ಇಲ್ಲದಿದ್ದರೆ ಕಿವಿಗೆ ಬೀಳುವುದು ಒಂದೇ ಕರ್ಕಶ ಮೊರೆತ. ಸಂಘದ ಬಳಿ ಇರುವ ಎರಡು ಪೆಟ್ಟಿಗೆಗಳು ಭಾಷಣಕ್ಕೆ ಸಾಕು, ಈ ಚಿತ್ರಕ್ಕೆ ಸಾಲವು. ಅದರ ಮೇಲೆ ಪ್ರೊಜೆಕ್ಟರಿನ ಫ್ಯಾನಿನ ಸದ್ದು. ಅರ್ಧಕ್ಕೇ ಎದ್ದು ಹೋದವರಲ್ಲಿ ಕೆಲವರಿಗೆ ಚಿತ್ರದ ವಿಷಯ ಒಗ್ಗದೆ ಇದ್ದಿರಬಹುದು. ಕೆಲವರಾದರೂ ಸದ್ದಿಗೆ ಬೇಸತ್ತು ಹೋದರೆಂದು ನನಗೆ ಖಾತ್ರಿಯಿದೆ. ಹದಿನೆಂಟು ತುಂಬಿದವರಿಗೆ ಮಾತ್ರ ಎಂಬ ಸೂಚನೆಯನ್ನು ಬಾಗಿಲಲ್ಲಿ ಹಾಕಿ, ಆರಂಭಕ್ಕೆ ಮುನ್ನ ಮತ್ತೊಮ್ಮೆ ಹೇಳಿ, ಅದನ್ನು ಬಿಗಿಯಾಗಿ ಪಾಲಿಸಿದ್ದಕ್ಕಾಗಿ ಸಂಘವನ್ನು ಮೆಚ್ಚಬೇಕು.

ಮೂರನೆಯ ಸಂಜೆ 'ಮಾ ರೋಸಾ'. ಹೋಸೆ ಅವರಿಗೆ 2016ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ತಂದುಕೊಟ್ಟ ಚಿತ್ರ ಇದೇ. ಆ ಪ್ರಶಸ್ತಿ ಪಡೆದ ಮೊದಲ ಫಿಲಿಪಿನೊ ನಟಿ ಅವರು. ಕಥೆ ಒಂದು ಮಳೆಯ ಸಂಜೆ ಆರಂಭವಾಗಿ ಮರುದಿನದವರೆಗೆ ಸಾಗುತ್ತದೆ. ಮನಿಲಾದ ಕೊಳೆಗೇರಿಯಲ್ಲಿ ರೋಸಾ ಮತ್ತು ಗಂಡ ನೆಸ್ಟರ್ ಓಣಿಯ ಸಣ್ಣ ಕಿರಾಣಿ ಅಂಗಡಿ ನಡೆಸುತ್ತಾರೆ. ಬಿಸ್ಕೀಟು, ಸಿಗರೇಟಿನ ಜೊತೆಗೆ ಮಾದಕ ವಸ್ತುವಿನ ಪುಟ್ಟ ಪೊಟ್ಟಣಗಳನ್ನೂ ಮಾರುತ್ತಾರೆ. ಪೊಲೀಸರು ಹಿಡಿದೊಯ್ದು, ಮೊಕದ್ದಮೆ ಹಾಕುವ ಬದಲು ಹಣ ಕೇಳುತ್ತಾರೆ. ಆ ಹಣ ಹೊಂದಿಸಲು ಮಕ್ಕಳು ಊರೆಲ್ಲ ಅಲೆಯುತ್ತಾರೆ: ಒಬ್ಬ ಮನೆಯ ಟೀವಿ ಮಾರಲು ಹೊರಡುತ್ತಾನೆ, ಇನ್ನೊಬ್ಬ ಮೈಮಾರುತ್ತಾನೆ, ಮಗಳು ನೆಂಟರ ಮುಂದೆ ಕೈಚಾಚುತ್ತಾಳೆ. ಮಗಳ ಪಾತ್ರ ಮಾಡಿದವರು ಹೋಸೆ ಅವರ ಸ್ವಂತ ಮಗಳು ಆಂಡಿ ಐಗೆನ್‌ಮನ್. ಗಂಡನ ಪಾತ್ರದ ಹುಲಿಯೊ ದಿಯಾಸ್ 'ಸೆರ್ಬಿಸ್'ನಲ್ಲಿಯೂ 'ತಾಕಾವ್ ತುಕ್ಸೊ'ದಲ್ಲಿಯೂ ಹೋಸೆ ಅವರ ಜೊತೆಗಿದ್ದವರು. ಇಬ್ಬರೂ ಒಂದು ಮಾತಿಲ್ಲದೆ ಒಬ್ಬರನ್ನೊಬ್ಬರು ಅರಿತುಕೊಳ್ಳುವ ರೀತಿ ಇಷ್ಟು ವರ್ಷಗಳ ಒಡನಾಟದಿಂದ ಮಾತ್ರ ಬರುವಂಥದ್ದು.

ಚಿತ್ರದ ಆರಂಭದಲ್ಲಿ ರೋಸಾ ದೊಡ್ಡ ಅಂಗಡಿಯಲ್ಲಿ ಸಾಮಾನು ಕೊಂಡಾಗ ಅಲ್ಲಿನವಳು ಚಿಲ್ಲರೆ ಇಲ್ಲವೆಂದು ಚಾಕಲೇಟು ಕೊಡಲು ಬರುತ್ತಾಳೆ. ಸಭಾಂಗಣದಲ್ಲಿ ಎಲ್ಲರೂ ನಕ್ಕರು, ಏಕೆಂದರೆ ಆ ಅನುಭವ ಲೈನ್ ಬಜಾರಿನಲ್ಲಿ ನಮಗೆ ದಿನವೂ ಆಗುವಂಥದ್ದು. ಆ ನಗೆಯ ಹೊತ್ತಿಗೆ ಹೋಸೆ ಅವರ ಮುಖವನ್ನು ಗಮನಿಸಬೇಕಿತ್ತು: ಚಿಲ್ಲರೆ ಕಾಸು ತನಗೆ ಎಷ್ಟು ಮುಖ್ಯ ಎಂಬುದನ್ನು ಆಕೆ ವಾದದಲ್ಲಿ ತೋರಿಸದೆ, ಅಲ್ಲಿಂದ ಕದಲದೆ ನಿಲ್ಲುವುದರಲ್ಲಿ ತೋರಿಸುತ್ತಾಳೆ. ಠಾಣೆಯೊಳಗಿನ ದೃಶ್ಯಗಳಲ್ಲಿಯೂ ಅಷ್ಟೆ. ಬೇಡುವುದು, ಬೈಯುವುದು, ಚೌಕಾಸಿ ಮಾಡುವುದು ಮೂರನ್ನೂ ಆಕೆ ಅಂಗಡಿಯ ಗಿರಾಕಿಯೊಂದಿಗೆ ಮಾತಾಡುವ ಅದೇ ಧಾಟಿಯಲ್ಲಿ ಮಾಡುತ್ತಾಳೆ. ಅಲ್ಲಿರುವ ಪೊಲೀಸರೂ ಆಕೆಗೆ ಒಂದು ಬಗೆಯ ಗಿರಾಕಿಗಳೇ ಎಂಬುದು ನಮಗೆ ಆಗ ಹೊಳೆಯುತ್ತದೆ. ಕೊನೆಯಲ್ಲಿ, ಹಣದ ಬಾಕಿ ಹೊಂದಿಸಲು ಹೊರಬಿದ್ದ ರೋಸಾ ಬೀದಿಬದಿಯ ಗಾಡಿಯಿಂದ ಕಡ್ಡಿಗೆ ಚುಚ್ಚಿದ ಮೀನುಂಡೆ ಕೊಂಡು ತಿನ್ನುತ್ತ, ಎದುರಿಗೆ ದಿನದ ವ್ಯಾಪಾರ ಮುಗಿಸಿ ಸಾಮಾನು ಕಟ್ಟಿಕೊಳ್ಳುತ್ತಿರುವ ಒಂದು ಕುಟುಂಬವನ್ನು ನೋಡುತ್ತಾಳೆ. ಬಾಯಿ ಅಗಿಯುತ್ತಲೇ ಇರುತ್ತದೆ, ಕಣ್ಣು ತುಂಬುತ್ತದೆ. ಹಸಿವು ಮತ್ತು ದುಃಖ ಒಂದೇ ಬಾಯಲ್ಲಿ ಸೇರುವ ಆ ಗಳಿಗೆಗೆ ಸಂಭಾಷಣೆ ಬರೆಯಲು ಯಾವ ಲೇಖಕನಿಗೂ ಸಾಧ್ಯವಿಲ್ಲವೆಂದು ನನ್ನ ನಂಬಿಕೆ. ಮೂವತ್ತು ವರ್ಷ ಧ್ವನಿಯನ್ನು ತಡೆಹಿಡಿದು ದುಡಿದ ನಟಿಗೆ ಮಾತ್ರ ಅದು ದಕ್ಕುತ್ತದೆ. ಮೊದಲ ಸಂಜೆ ಪ್ರಶ್ನೆ ಎತ್ತಿದ್ದ ಹಿರಿಯರು ಅಂದು ಎದ್ದು ನಿಂತು, ತಮ್ಮ ಪ್ರಶ್ನೆಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದಷ್ಟೇ ಹೇಳಿ ಕುಳಿತರು.

ಆ ವರ್ಷ ಕಾನ್ ಸ್ಪರ್ಧೆಯಲ್ಲಿ ಇಸಬೆಲ್ ಉಪೇರ್, ಸೋನಿಯಾ ಬ್ರಾಗಾ, ಸಾಂಡ್ರಾ ಹ್ಯೂಲರ್ ಮೂವರ ಪ್ರಬಲ ಪಾತ್ರಗಳಿದ್ದವು. ಜಾರ್ಜ್ ಮಿಲ್ಲರ್ ಅಧ್ಯಕ್ಷತೆಯ ತೀರ್ಪುಗಾರರು ಹೋಸೆ ಅವರ ಹೆಸರು ಪ್ರಕಟಿಸಿದಾಗ ಅನೇಕ ವಿಮರ್ಶಕರು ಅಚ್ಚರಿಪಟ್ಟರು. ಚಿತ್ರದ ಬಹುಪಾಲು ಮಕ್ಕಳ ಅಲೆದಾಟಕ್ಕೆ ಮೀಸಲಾಗಿರುವುದರಿಂದ ಇದು ಪೋಷಕ ಪಾತ್ರವಲ್ಲವೇ ಎಂಬ ವಾದವೂ ಇತ್ತು. ಪರಿಚಯ ಹಾಳೆ ಈ ವಾದವನ್ನು ಮುಚ್ಚಿಡದೆ ಮುಂದಿಟ್ಟಿದ್ದು ಪ್ರಾಮಾಣಿಕ ಕ್ರಮ. ನನ್ನ ಮಟ್ಟಿಗೆ, ಮಕ್ಕಳು ಅಲೆಯುವಾಗಲೂ ನಮ್ಮ ಮನಸ್ಸು ಠಾಣೆಯಲ್ಲಿ ಕುಳಿತ ತಾಯಿಯ ಹತ್ತಿರವೇ ಇರುತ್ತದೆ. ಪಾತ್ರದ ಅಳತೆಯನ್ನು ನಿಮಿಷಗಳಲ್ಲಿ ಮಾಡಲಾಗದು. ಅದೇ ತಿಂಗಳು ಫಿಲಿಪೀನ್ಸ್‌ನಲ್ಲಿ ದುತೆರ್ತೆ ಅಧ್ಯಕ್ಷ ಚುನಾವಣೆ ಗೆದ್ದಿದ್ದರು, ಮಾದಕ ವಸ್ತುಗಳ ವಿರುದ್ಧದ ಅವರ ರಕ್ತಸಿಕ್ತ ಕಾರ್ಯಾಚರಣೆ ಸ್ವಲ್ಪ ದಿನಗಳಲ್ಲೇ ಆರಂಭವಾಯಿತು. ರೋಸಾಳಂಥವರ ಮೇಲೆ ಆಮೇಲೆ ಏನು ಬಂದಿತು ಎಂಬ ಚರ್ಚೆ ಆ ಸಂಜೆ ದೀರ್ಘವಾಗಿ ನಡೆಯಿತು.

ಈಗ ಕೊರತೆಯ ಮಾತು. ಫಿಲಿಪೀನ್ಸ್‌ನ ಸಾಮಾನ್ಯ ಮನೆಗಳಲ್ಲಿ ಹೋಸೆ ಪರಿಚಿತರಾಗಿದ್ದು ಕಾನ್‌ನಿಂದಾಗಿ ಅಲ್ಲ, ರಾತ್ರಿಯ ಧಾರಾವಾಹಿಗಳಿಂದ. ದರ್ಪದ ಅತ್ತೆ, ಕಷ್ಟದ ತಾಯಿ, ಕೊನೆಗೆ 'ಬತಾಂಗ್ ಕಿಯಾಪೊ' ಧಾರಾವಾಹಿಯಲ್ಲಿ ಜೈಲಿನ ಮುಖ್ಯಾಧಿಕಾರಿ. 2024ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಅವರು ಕಿರುತೆರೆಯಲ್ಲಿ ದುಡಿಯುತ್ತಿದ್ದರು. ಇದನ್ನು ಹೊಟ್ಟೆಪಾಡಿನ ಕೆಲಸವೆಂದು ಬದಿಗಿಡುವುದು ಅನ್ಯಾಯ. 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ ಅವರನ್ನು 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಸಂಜೆಯ ಅಡಿಗೆಯ ನಡುವೆ ನೋಡಿದ ನಮ್ಮ ಮನೆಗಳ ಹೆಂಗಸರು, ಒಬ್ಬ ನಟಿಯ ಕಸುಬು ಎರಡೂ ಕಡೆ ಹೇಗೆ ಬೇರೆ ಬೇರೆ ಹದ ಪಡೆಯುತ್ತದೆ ಎಂಬುದನ್ನು ಯಾವ ಚಿತ್ರಸಂಘದ ಸಹಾಯವೂ ಇಲ್ಲದೆ ಬಲ್ಲರು. ಹಾವೇರಿ, ಗದಗ, ಧಾರವಾಡಗಳಿಂದ ಬೆಂಗಳೂರಿನ ಧಾರಾವಾಹಿಗಳಿಗೆ ಹೋಗಿ ದುಡಿಯುತ್ತಿರುವ ರಂಗಕಲಾವಿದರೂ ಇದ್ದಾರೆ. ಅವರಲ್ಲಿ ಒಬ್ಬರನ್ನಾದರೂ ಚರ್ಚೆಗೆ ಕರೆದು, ಹೋಸೆ ಅವರ ಧಾರಾವಾಹಿಯ ಒಂದು ಕಂತನ್ನಾದರೂ ತೋರಿಸಿದ್ದರೆ ಸರಣಿ ಪೂರ್ಣವಾಗುತ್ತಿತ್ತು. ತಗ್ಗಿದ ಧ್ವನಿಯ ಈ ನಟಿ, ಎಲ್ಲವನ್ನೂ ಜೋರಾಗಿ ಹೇಳಬೇಕಾದ ಮಾಧ್ಯಮದಲ್ಲಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನು ಸಂಘ ಎತ್ತಲೇ ಇಲ್ಲ.

ಸಂಘದ ಮುಂದಿನ ಪ್ರದರ್ಶನಗಳಿಗೆ ಹೋಗಬಯಸುವವರಿಗೆ ಕೆಲವು ಮಾತು. ಪ್ರೊಜೆಕ್ಟರಿನ ಬೆಳಕು ಮಂದವಾಗಿದೆ. 'ಮಾ ರೋಸಾ'ದ ರಾತ್ರಿಯ ದೃಶ್ಯಗಳು ಹಿಂದಿನ ಸಾಲಿನವರಿಗೆ ಕಪ್ಪು ಮುದ್ದೆಯಾಗಿ ಕಂಡವು. ಇಂಗ್ಲಿಷ್ ಸಬ್‌ಟೈಟಲ್ ಪರದೆಯ ತೀರ ಕೆಳಗೆ ಬರುವುದರಿಂದ ಮುಂದಿನವರ ತಲೆ ಅಡ್ಡವಾಗುತ್ತದೆ, ಆದ್ದರಿಂದ ಬೇಗ ಹೋಗಿ ಮೊದಲ ಎರಡು ಸಾಲುಗಳಲ್ಲಿ ಕುಳಿತುಕೊಳ್ಳುವುದು ಲೇಸು. ಇಂಗ್ಲಿಷ್ ಓದಲು ತೊಡಕಾಗುವವರು ಕನ್ನಡ ಹಾಳೆಯನ್ನು ಮೊದಲೇ ಓದಿಕೊಂಡರೆ ಕಥೆ ಕೈತಪ್ಪುವುದಿಲ್ಲ. ಚರ್ಚೆ ತಡವಾಗಿ ಮುಗಿಯುತ್ತದೆ. ಹುಬ್ಬಳ್ಳಿಗೆ ಮರಳುವವರು ಜುಬಿಲಿ ಸರ್ಕಲ್‌ಗೆ ಬಂದು ಚಿಗರಿ ಬಸ್ಸು ಹಿಡಿಯುವ ವೇಳೆಯನ್ನು ಲೆಕ್ಕ ಹಾಕಿಕೊಂಡಿರಬೇಕು. ಸಂಘದವರು ಅರ್ಧ ಗಂಟೆ ಮೊದಲೇ ಆರಂಭಿಸಿದರೆ ಹೆಣ್ಣುಮಕ್ಕಳ ಸಂಖ್ಯೆ ಖಂಡಿತ ಹೆಚ್ಚುತ್ತದೆ, ಮತ್ತು ಇಂಥ ಸರಣಿಗೆ ಅವರು ಬರಲೇಬೇಕು. ಮುಂದಿನ ಸರಣಿಗೂ ನಟಿಯೊಬ್ಬರನ್ನೇ ಆರಿಸುವ ವಿಚಾರವಿದೆ ಎಂದು ನಿರೂಪಕರು ಹೇಳಿದರು. ಫಿಲಿಪೀನ್ಸ್‌ನ ನೋರಾ ಔನೋರ್ ಅವರ 'ಹಿಮಾಲಾ', 'ಬೋನಾ' ಎರಡೂ ಈಗ ಸಂಸ್ಕರಿಸಿದ ಪ್ರತಿಗಳಲ್ಲಿ ಬಂದಿವೆ. ಅವರ ಹೆಸರನ್ನು ಸಲಹೆಯ ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ.