ಡೌನ್‌ಲೋಡ್ ಮಾಡಿದ್ದು ಎಲ್ಲಿ ಹೋಯಿತು? ‘ಎವೆರಿಥಿಂಗ್’ ಬಗ್ಗೆ, ವರ್ಷಗಟ್ಟಲೆ ಬಳಸಿದ ಮೇಲೆ

ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲ್ ಹುಡುಕಲು ವಾಯ್ಡ್‌ಟೂಲ್ಸ್‌ನವರ ‘ಎವೆರಿಥಿಂಗ್’ ಅಷ್ಟು ಚುರುಕಾದ ಸಾಫ್ಟ್‌ವೇರ್ ಸಿಗುವುದು ಕಷ್ಟ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ, ಇನ್‌ಸ್ಟಾಲ್ ಮಾಡುವ ಫೈಲ್ ಕೆಲವೇ ಎಂಬಿಯದು. ಒಂದು ಮಾತು ಮಾತ್ರ ಮೊದಲೇ ತಿಳಿದಿರಬೇಕು: ಇದು ಮುಖ್ಯವಾಗಿ ಹುಡುಕುವುದು ಫೈಲಿನ ಹೆಸರನ್ನು. ಹೆಸರು ನೆಟ್ಟಗಿಟ್ಟವರಿಗೆ ಇದು ಬಂಗಾರ. ‘ಡಾಕ್ಯುಮೆಂಟ್ (3)’, ‘ಪ್ರಿಂಟ್’, ‘ರಿಪೋರ್ಟ್’ ಅಂತ ಬಂದದ್ದನ್ನು ಬಂದ ಹಾಗೇ ಬಿಟ್ಟವರಿಗೆ ಅರ್ಧ ಉಪಯೋಗವೂ ಆಗದು. ಇಲ್ಲಿ ಹೇಳುವುದೆಲ್ಲ 1.4 ಆವೃತ್ತಿಯ ಬಗ್ಗೆ. ಹುಡುಕುವ ಪೆಟ್ಟಿಗೆಯಲ್ಲಿ ಬರೆಯುವ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಇಲ್ಲಿ ಓದಲು ಕನ್ನಡದಲ್ಲಿ ಬರೆದಿದೆ.

ಇಷ್ಟು ವೇಗ ಎಲ್ಲಿಂದ ಬರುತ್ತದೆ? ವಿಂಡೋಸ್ ಸಾಮಾನ್ಯವಾಗಿ ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಪದ್ಧತಿಯ ಹೆಸರು ಎನ್‌ಟಿಎಫ್‌ಎಸ್. ಅಂಥ ಡಿಸ್ಕಿನಲ್ಲಿ ಎಲ್ಲ ಫೈಲುಗಳ ಹೆಸರು ಒಂದೇ ಕಡೆ, ‘ಮಾಸ್ಟರ್ ಫೈಲ್ ಟೇಬಲ್’ ಎಂಬ ಪಟ್ಟಿಯಲ್ಲಿರುತ್ತದೆ. ಎವೆರಿಥಿಂಗ್ ಒಂದೊಂದೇ ಫೋಲ್ಡರಿನ ಬಾಗಿಲು ತಟ್ಟದೆ ನೇರವಾಗಿ ಆ ಪಟ್ಟಿಯನ್ನೇ ಓದಿಕೊಳ್ಳುತ್ತದೆ. ಆಮೇಲೆ ಆಗುವ ಬದಲಾವಣೆಗಳನ್ನು ವಿಂಡೋಸ್ ತಾನೇ ಬರೆದಿಡುವ ‘ಯುಎಸ್‌ಎನ್ ಜರ್ನಲ್’ನಿಂದ ತಿಳಿಯುತ್ತದೆ. ಹತ್ತು ಲಕ್ಷ ಫೈಲಿದ್ದರೂ ಸುಮಾರು 75 ಎಂಬಿ ರ‍್ಯಾಮ್ ಸಾಕು. 4 ಜಿಬಿಯ ಹಳೆಯ ಲ್ಯಾಪ್‌ಟಾಪಿಗೂ ಇದು ಭಾರವಲ್ಲ.

ಇನ್‌ಸ್ಟಾಲ್ ಮಾಡುವಾಗ ಹಿನ್ನೆಲೆಯಲ್ಲಿ ಓಡುವ ‘ಎವೆರಿಥಿಂಗ್ ಸರ್ವಿಸ್’ ಹಾಕಲೇ ಎಂದು ಕೇಳುತ್ತದೆ. ಹೂಂ ಅಂದರೆ ಪ್ರತಿ ಸಲ ಅಡ್ಮಿನ್ ಅನುಮತಿ ಕೇಳುವ ಕಿರಿಕಿರಿ ತಪ್ಪುತ್ತದೆ. ಆದರೆ ಒಂದೇ ಕಂಪ್ಯೂಟರನ್ನು ಮನೆಯವರೆಲ್ಲ ಬೇರೆ ಬೇರೆ ಲಾಗಿನ್‌ನಲ್ಲಿ ಬಳಸುತ್ತಿದ್ದರೆ ಯೋಚಿಸಿ. ಸರ್ವಿಸ್ ಓಡುತ್ತಿರುವಾಗ ಒಬ್ಬರ ಫೋಲ್ಡರಿನ ಫೈಲ್ ಹೆಸರುಗಳು ಇನ್ನೊಬ್ಬರ ಹುಡುಕಾಟದಲ್ಲೂ ಕಾಣುತ್ತವೆ. ಫೈಲ್ ತೆರೆಯಲು ಬಾರದಿದ್ದರೂ ಹೆಸರೇ ಎಷ್ಟೋ ವಿಷಯ ಹೇಳಿಬಿಡುತ್ತದಲ್ಲ.

ಡೌನ್‌ಲೋಡ್ ಗುಡ್ಡೆ ಕರಗಿಸಲು ಹೆಚ್ಚು ಕೆಲಸಕ್ಕೆ ಬರುವುದು ನಾಲ್ಕೈದು ಆಜ್ಞೆಗಳಷ್ಟೇ. ‘ಇಎಕ್ಸ್‌ಟಿ’ ಬರೆದು ಕೋಲನ್ ಹಾಕಿ ‘ಪಿಡಿಎಫ್’ ಎಂದರೆ ಪಿಡಿಎಫ್‌ಗಳು ಮಾತ್ರ ಉಳಿಯುತ್ತವೆ. ‘ಡಿಎಂ’ ಕೋಲನ್ ‘ಟುಡೇ’ ಎಂದರೆ ಇವತ್ತು ಬದಲಾದವು. ಇಲ್ಲೇ ಹೊಸಬರು ಎಡವುವುದು. ಜಿಪ್ ಬಿಚ್ಚಿದಾಗ ಒಳಗಿನ ಫೈಲುಗಳು ತಮ್ಮ ಹಳೆಯ ತಾರೀಕನ್ನೇ ಹೊತ್ತು ಬರುತ್ತವೆ. ಇವತ್ತು ಇಳಿಸಿದ ಪ್ರಶ್ನೆಪತ್ರಿಕೆ 2019ರದು ಎಂದು ತೋರಿಸಿ, ‘ಇವತ್ತಿನದು’ ಪಟ್ಟಿಯಿಂದ ಜಾರಿಕೊಳ್ಳುತ್ತದೆ. ಅಂಥದ್ದಕ್ಕೆ ‘ಆರ್‌ಸಿ’ ಕೋಲನ್ ‘ಟುಡೇ’ ಹಾಕಿ. ಡಿಸ್ಕಿನಲ್ಲಿ ಇತ್ತೀಚೆಗೆ ಆದ ಬದಲಾವಣೆಯನ್ನು ಅದು ಜರ್ನಲ್ ನೋಡಿ ಹೇಳುತ್ತದೆ. ಫೈಲ್ ಹುಟ್ಟಿದ ದಿನ ನೋಡುವ ‘ಡಿಸಿ’ ಆಜ್ಞೆಯೂ ಇದೆ. ಆಪ್ಷನ್ಸ್‌ನ ಇಂಡೆಕ್ಸಸ್ ಪುಟದಲ್ಲಿ ‘ಇಂಡೆಕ್ಸ್ ಡೇಟ್ ಕ್ರಿಯೇಟೆಡ್’ಗೆ ಟಿಕ್ ಹಾಕದಿದ್ದರೆ ಅದು ಆಮೆಯಾಗುತ್ತದೆ.

ಅರ್ಧಕ್ಕೇ ನಿಂತ ಡೌನ್‌ಲೋಡುಗಳು ಜಾಗ ತಿನ್ನುವುದು ನಮಗೆ ಗೊತ್ತೇ ಆಗುವುದಿಲ್ಲ. ಕ್ರೋಮ್‌ನಲ್ಲಿ ಅವುಗಳ ಬಾಲ ‘ಸಿಆರ್‌ಡೌನ್‌ಲೋಡ್’, ಫೈರ್‌ಫಾಕ್ಸ್‌ನಲ್ಲಿ ‘ಪಾರ್ಟ್’. ಎರಡನ್ನೂ ಒಂದೊಂದು ಸಲ ಹುಡುಕಿ ನೋಡಿ. ಒಂದೇ ಫೈಲನ್ನು ಎರಡು ಸಲ ಇಳಿಸಿದಾಗ ಬ್ರೌಸರ್ ಹೆಸರಿನ ಕೊನೆಗೆ (1) ಸೇರಿಸುತ್ತದೆ. ಆ (1) ಅನ್ನೇ ಹುಡುಕಿದರೆ ಅವೆಲ್ಲ ಒಮ್ಮೆಗೇ ಎದುರಿಗೆ ಬರುತ್ತವೆ. ಬೇರೆ ಹೆಸರಿನಲ್ಲಿ ಅಡಗಿರುವ ನಕಲು ಬೇಕಾದರೆ ಪಿಡಿಎಫ್‌ಗಳನ್ನು ಮಾತ್ರ ತೋರಿಸಿಕೊಂಡು ‘ಸೈಜ್’ ಕಾಲಂ ಒತ್ತಿ: ಗಾತ್ರ ಒಂದೇ ಇದ್ದವು ಅಕ್ಕಪಕ್ಕ ಬಂದು ಕೂರುತ್ತವೆ. ಗಾತ್ರ ಒಂದೇ ಎಂದ ಮಾತ್ರಕ್ಕೆ ಒಳಗಿರುವುದೂ ಒಂದೇ ಎನ್ನಲಾಗದು, ತೆರೆದು ನೋಡಿಯೇ ಅಳಿಸಿ. ಈ ಪಟ್ಟಿಯಲ್ಲಿ ಡಿಲೀಟ್ ಒತ್ತಿದರೆ ಹೋಗುವುದು ನಿಜವಾದ ಫೈಲು. ಬರೀ ಹುಡುಕಾಟದ ಪಟ್ಟಿ ಎಂದುಕೊಂಡು ‘ಸೆಲೆಕ್ಟ್ ಆಲ್’ ಮಾಡಿ ಅಳಿಸಿದರೆ ವಿಂಡೋಸ್‌ನ ಫೈಲುಗಳಿಗೂ ಕುತ್ತು.

ಇನ್ನು ಕನ್ನಡದ ಹೆಸರುಗಳು. ಯುನಿಕೋಡ್‌ನಲ್ಲಿದ್ದರೆ ಚೆನ್ನಾಗಿ ಕಾಣುತ್ತವೆ, ಚೆನ್ನಾಗಿ ಸಿಗುತ್ತವೆ. ನುಡಿ ಅಥವಾ ಬರಹವನ್ನು ಯುನಿಕೋಡ್‌ಗೆ ಬದಲಿಸದೆ ಟೈಪ್ ಮಾಡಿದರೆ ಮಾತ್ರ ಹೆಸರು ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ‘ಫೇಸ್‌ಬುಕ್’ ಎಂದು ಸಕಾರ ಬಕಾರಗಳನ್ನು ಬಿಡಿಸಿ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರುತ್ತದೆ. ‘ಫೇಸ್ಬುಕ್’ ಎಂದು ಒತ್ತಕ್ಷರದಲ್ಲಿ ಬರೆದರೆ ಅದು ಇರುವುದಿಲ್ಲ. ಓದುವವರಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೀಗಾಗಿ ಕಣ್ಣೆದುರಿಗಿರುವ ಫೈಲೇ ಹುಡುಕಿದಾಗ ಸಿಗುವುದಿಲ್ಲ. ಉಪಾಯ ಸುಲಭ: ಪದವನ್ನು ಮುರಿದು, ನಡುವೆ ಸ್ಪೇಸ್ ಕೊಟ್ಟು, ‘ಫೇಸ್’ ‘ಬುಕ್’ ಎಂದು ಹುಡುಕಿ. ಎವೆರಿಥಿಂಗ್‌ಗೆ ಸ್ಪೇಸ್ ಎಂದರೆ ‘ಇದೂ ಇರಲಿ, ಅದೂ ಇರಲಿ’ ಎಂದರ್ಥ, ಎರಡು ಬಗೆಯ ಬರಹವೂ ಸಿಗುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಒತ್ತಿದ ಹೆಸರುಗಳಿಗೂ ಇದೇ ಮದ್ದು. ಸೊನ್ನೆ ಇರಬಹುದಾದ ಭಾಗ ಬಿಟ್ಟು ಉಳಿದದ್ದನ್ನು ಹುಡುಕಿ.

ಪಿಡಿಎಫ್ ಒಳಗಿನ ಮಾತು ಹುಡುಕಲು ‘ಕಂಟೆಂಟ್’ ಎಂಬ ಆಜ್ಞೆಯೇನೋ ಇದೆ. ಅದಕ್ಕೆ ಇಂಡೆಕ್ಸ್ (ಮೊದಲೇ ಮಾಡಿಟ್ಟ ಪಟ್ಟಿ) ಇಲ್ಲ, ಪ್ರತಿ ಫೈಲನ್ನೂ ತೆರೆದು ಓದಬೇಕು, ಬಹಳ ನಿಧಾನ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕದಲ್ಲಿ ಇರುವುದೇ ಚಿತ್ರ, ಅಲ್ಲಿ ಹುಡುಕಲು ಅಕ್ಷರವೇ ಇಲ್ಲ. ಹಾಗಾಗಿ ಕೊನೆಗೂ ಕೈ ಹಿಡಿಯುವುದು ಹೆಸರೇ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಪುಸ್ತಕಗಳು 2015, ಚುಕ್ಕೆ, ಒಂದು ಸಂಖ್ಯೆ, ಆಮೇಲೆ ಇಂಗ್ಲಿಷ್ ಲಿಪಿಯ ಶೀರ್ಷಿಕೆ ಹೀಗೆ ಇಳಿಯುತ್ತವೆ. ಶೀರ್ಷಿಕೆಯ ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು ಥರ. ಅದನ್ನು ‘ಲೇಖಕರು - ಶೀರ್ಷಿಕೆ - ವರ್ಷ’ ಎಂದು ಕನ್ನಡಕ್ಕೆ ಬದಲಿಸಿ, ಆದರೆ ಆ ಸಂಖ್ಯೆಯನ್ನು ಮಾತ್ರ ದಯವಿಟ್ಟು ಅಳಿಸಬೇಡಿ. ಪುಟ ಹರಿದ ಪ್ರತಿ ಬಂದಿದ್ದರೆ, ಮತ್ತೆ ಮೂಲಕ್ಕೆ ಹೋಗಲು ಇರುವ ನೇರ ದಾರಿ ಅದೊಂದೇ. ಬಿಲ್ಲು, ಪಹಣಿ, ರಸೀದಿಗಳಿಗೆ ತಾರೀಕನ್ನು ಮುಂದಿಡಿ: ‘2024-03-12 ಕರೆಂಟ್ ಬಿಲ್’. ವರ್ಷ ಮೊದಲು ಬಂದರೆ ಪಟ್ಟಿ ತಾನೇ ಕಾಲಕ್ರಮದಲ್ಲಿ ನಿಲ್ಲುತ್ತದೆ. ಓರೆಗೆರೆ ಹಾಕಿ 12/03 ಎನ್ನಲು ವಿಂಡೋಸ್ ಬಿಡುವುದೂ ಇಲ್ಲ. ಹಲವು ಫೈಲುಗಳನ್ನು ಆರಿಸಿ ಎಫ್2 ಒತ್ತಿದರೆ ಎಲ್ಲದರ ಹೆಸರನ್ನೂ ಒಂದೇ ಕಿಟಕಿಯಲ್ಲಿ ತಿದ್ದಬಹುದು, ಈ ಸೌಲಭ್ಯಕ್ಕೆ ಪೂರ್ತಿ ಅಂಕ.

ಕನ್ನಡದ ಹೆಸರು ತೀರಾ ಉದ್ದ ಬೇಡ. ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿಗೆ 255 ಅಕ್ಷರಸ್ಥಾನಗಳಿವೆ. ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಮಿತಿ 255 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ ಅಲ್ಲಿ 3 ಬೈಟ್ ಬೇಕು, ಅಂದರೆ 85ಕ್ಕೆ ಮುಗಿಯಿತು. ಗುಣಿತ, ಒತ್ತು ಪ್ರತ್ಯೇಕವಾಗಿ ಎಣಿಕೆಗೆ ಬರುತ್ತವೆ, ‘ಕ್ಷ’ ಒಂದಕ್ಕೇ ಮೂರು ಚಿಹ್ನೆ. ಲಿನಕ್ಸ್ ಡಿಸ್ಕಿಗೆ ಕಾಪಿ ಮಾಡುವಾಗ ಕೆಲವೇ ಫೈಲುಗಳು ಹೋಗದೆ ಉಳಿದರೆ ಮೊದಲು ಹೆಸರಿನ ಉದ್ದ ನೋಡಿ.

ಹೊರಗಿನ ಹಾರ್ಡ್‌ಡಿಸ್ಕ್ ವಿಷಯದಲ್ಲಿ ಎವೆರಿಥಿಂಗ್‌ಗೆ ಸ್ವಲ್ಪ ಕೈಯಾಸರೆ ಬೇಕು. ಎಕ್ಸ್‌ಫ್ಯಾಟ್ ಎಂಬ ಬೇರೆ ಪದ್ಧತಿಯ ಪೆನ್‌ಡ್ರೈವಿನಲ್ಲಿ ಮೇಲೆ ಹೇಳಿದ ಪಟ್ಟಿಯೂ ಇಲ್ಲ, ಜರ್ನಲ್ಲೂ ಇಲ್ಲ. ಆಪ್ಷನ್ಸ್‌ನಲ್ಲಿ ಫೋಲ್ಡರ್ ಆಗಿ ಸೇರಿಸಬೇಕು, ಓದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಕಪಾಟಿನಲ್ಲಿಟ್ಟ ಡಿಸ್ಕಿಗಾದರೆ ‘ಫೈಲ್ ಲಿಸ್ಟ್’ ಇದೆ, ಇಡೀ ಸಾಫ್ಟ್‌ವೇರಿನಲ್ಲಿ ತುಂಬ ಜನ ಗಮನಿಸದೆ ಬಿಟ್ಟಿರುವ ಗುಣ ಇದು. ಟೂಲ್ಸ್ ಮೆನುವಿನ ಫೈಲ್ ಲಿಸ್ಟ್ ಎಡಿಟರ್ ತೆರೆದು, ಡಿಸ್ಕಿನ ಫೋಲ್ಡರುಗಳನ್ನು ಸೇರಿಸಿ ‘ಇಎಫ್‌ಯು’ ಫೈಲಾಗಿ ಉಳಿಸಿ. ಅದನ್ನು ಆಪ್ಷನ್ಸ್‌ನ ಫೈಲ್ ಲಿಸ್ಟ್ಸ್ ಪುಟದಲ್ಲಿ ಸೇರಿಸಿದರೆ, ಡಿಸ್ಕ್ ಚುಚ್ಚದೆಯೇ ಅದರೊಳಗೆ ಏನೇನಿದೆ ಎಂದು ಹುಡುಕಬಹುದು. ಈ ಪಟ್ಟಿ ತಾನಾಗಿ ಹೊಸದಾಗುವುದಿಲ್ಲ. ಡಿಸ್ಕಿಗೆ ಹೊಸತು ತುಂಬಿದಾಗಲೆಲ್ಲ ಮತ್ತೆ ಮಾಡಿ, ಪಟ್ಟಿಯ ಹೆಸರಿನಲ್ಲೇ ತಾರೀಕು ಹಾಕಿ, ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲೂ ಅದೇ ಹೆಸರು ಬರೆಯಿರಿ.