ಡ್ಯಾಕ್‌ಗೆ ಯಾವ ಕೇಬಲ್? ನಾಲ್ಕು ದಾರಿಯನ್ನೂ ಕೇಳಿ ನೋಡಿದ ಮೇಲೆ

ಡ್ಯಾಕ್ (ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆ) ತಂದ ದಿನ ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಸಿಕ್ಕಿಸಿ, ಹಿಂಭಾಗದ ಆರ್‌ಸಿಎ ವೈರುಗಳನ್ನು ಆಂಪ್ಲಿಫೈಯರಿನ ಆಕ್ಸ್‌ಗೆ ಕೊಟ್ಟೆ. (ಫೋನೋ ಎಂದು ಬರೆದಿರುವಲ್ಲಿಗೆ ಕೊಡಬೇಡಿ. ಅದು ಟರ್ನ್‌ಟೇಬಲಿನ ಕೆಲವೇ ಮಿಲಿವೋಲ್ಟ್‌ಗೆಂದು ಮಾಡಿದ್ದು. ಡ್ಯಾಕ್ ಸಾಮಾನ್ಯವಾಗಿ 2 ವೋಲ್ಟ್‌ನಷ್ಟು ಕೊಡುತ್ತದೆ.) ಹಾಡು ಚೆನ್ನಾಗಿಯೇ ಬಂತು. ಆದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೌನದಲ್ಲಿ ಸ್ಪೀಕರ್ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಮೌಸ್ ಆಡಿಸಿದರೆ ಕಿರಕಿರ. ಚಾರ್ಜರ್ ಕಿತ್ತ ಕೂಡಲೇ ಎರಡೂ ನಿಂತವು.

ಯುಎಸ್‌ಬಿ ಕೇಬಲಿನಲ್ಲಿ ಸಂಗೀತದ ಡೇಟಾ ಮಾತ್ರ ಹರಿಯುವುದಿಲ್ಲ, 5 ವೋಲ್ಟ್ ವಿದ್ಯುತ್ತೂ ಗ್ರೌಂಡ್ ತಂತಿಯೂ ಇರುತ್ತವೆ. ಚಾರ್ಜರ್ ಮತ್ತು ಆಂಪ್ಲಿಫೈಯರ್ ಎರಡೂ ಗೋಡೆಯ ಪ್ಲಗ್ಗಿನಲ್ಲಿದ್ದಾಗ ಆ ಗ್ರೌಂಡಿನ ಮೂಲಕ ಒಂದು ಸುತ್ತು ಕೂಡಿಕೊಂಡು, ಕಂಪ್ಯೂಟರಿನ ಗದ್ದಲವೆಲ್ಲ ಅನಲಾಗ್ ಕಡೆಗೆ ನುಸುಳುತ್ತದೆ. ಡೇಟಾ ಒಂದು ಬಿಟ್ಟೂ ಕೆಟ್ಟಿರುವುದಿಲ್ಲ, ಆದರೂ ಕಿವಿಗೆ ಗದ್ದಲ.

ಹಾಗಾಗಿ ಯುಎಸ್‌ಬಿಯನ್ನು ಆಪ್ಟಿಕಲ್‌ಗೆ ಬದಲಿಸುವ ಪುಟ್ಟ ಪೆಟ್ಟಿಗೆಯೊಂದನ್ನು ನಡುವೆ ಇಟ್ಟೆ. ಅದೇ ಲ್ಯಾಪ್‌ಟಾಪ್, ಅದೇ ಚಾರ್ಜರ್, ಪೂರ್ತಿ ಮೌನ. ತೋಷಿಬಾ 1983ರಲ್ಲಿ ತಂದ ಈ ಆಪ್ಟಿಕಲ್ ಕೇಬಲಿನಲ್ಲಿ ಹೋಗುವುದು ಕೆಂಪು ಬೆಳಕು; ಲೋಹದ ಎಳೆಯೇ ಇಲ್ಲದ ಮೇಲೆ ಗ್ರೌಂಡಿನ ಸುತ್ತು ಎಲ್ಲಿಂದ ಬರಬೇಕು? ನನಗೆ ಇಡೀ ಪ್ರಯೋಗದಲ್ಲಿ ಕಿವಿಗೆ ಸ್ಪಷ್ಟವಾಗಿ ಗೊತ್ತಾದ ದೊಡ್ಡ ವ್ಯತ್ಯಾಸ ಇದೊಂದೇ. ಕೊರತೆಯೂ ಇದೆ: ನನ್ನಲ್ಲಿ 96 ಕಿಲೋಹರ್ಟ್ಸ್‌ನ (ಸದ್ದನ್ನು ಸೆಕೆಂಡಿಗೆ 96,000 ಸಲ ಅಳೆದು ಬರೆದ) ಫೈಲ್‌ವರೆಗೆ ಸಲೀಸು, 192ರ ಫೈಲ್ ಹಾಕಿದರೆ ತಡೆದು ತಡೆದು ಬಂತು. ಕೇಬಲನ್ನು ತೀರಾ ಮಡಚಲೂ ಬಾರದು.

ಟಿವಿಗೂ ಆಪ್ಟಿಕಲ್ಲೇ ಸರಿ. ಮೊದಲು ಏನೂ ಕೇಳಿಸದೆ ಗಾಬರಿಯಾಗಿದ್ದೆ. ಟಿವಿಯ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂ (ಒತ್ತಿ ಕಿರಿದಾಗಿಸದ ಸಾದಾ ಡಿಜಿಟಲ್ ರೂಪ) ಮಾಡಿದ ಮೇಲೆ ಸದ್ದು ಬಂತು. ಡಾಲ್ಬಿಯ ಕಟ್ಟನ್ನು ಬಿಚ್ಚುವುದು ಸಾದಾ ಸ್ಟೀರಿಯೋ ಡ್ಯಾಕ್‌ಗೆ ಗೊತ್ತಿಲ್ಲ.

ಕೋಆಕ್ಸಿಯಲ್ (ಅದೇ ಡಿಜಿಟಲ್ ಸಂಕೇತವನ್ನು ಲೋಹದ ತಂತಿಯಲ್ಲಿ ಒಯ್ಯುವ ಕೇಬಲ್) ಅನ್ನು ಸಿಡಿ ಪ್ಲೇಯರಿನಿಂದ ಕೇಳಿದೆ. ಅದರಲ್ಲಿ ಆಪ್ಟಿಕಲ್ ಔಟ್‌ಪುಟ್ಟೂ ಇದ್ದುದರಿಂದ ಎರಡನ್ನೂ ಜೋಡಿಸಿ, ಮಗಳ ಕೈಗೆ ರಿಮೋಟ್ ಕೊಟ್ಟು ಕಣ್ಣು ಮುಚ್ಚಿ ಕೂತೆ. ಅರ್ಧದಷ್ಟು ಸಲ ಸರಿಯಾಗಿ ಹೇಳಿದೆ, ಅರ್ಧ ತಪ್ಪು. ಅಂದರೆ ಊಹೆ, ಅಷ್ಟೇ. ಕೋಆಕ್ಸಿಯಲ್‌ನಲ್ಲಿ ಸ್ವರಕ್ಕೆ ಮೈ ತುಂಬಿರುತ್ತದೆ ಎಂದು ಹೇಳುವವರಿದ್ದಾರೆ. ನನ್ನ ಕಿವಿಗೆ ಅದು ಸಿಗಲಿಲ್ಲ. ಕೇಬಲ್ 75 ಓಮ್‌ನದ್ದಾಗಿದ್ದರೆ ಸಾಕು, ಪ್ಲಗ್ ಗಟ್ಟಿಯಾಗಿ ಕೂರುತ್ತದೆ ಎನ್ನುವುದು ಒಂದು ಅನುಕೂಲ.

ಬ್ಲೂಟೂತ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದರೆ ಬ್ಲೂಟೂತ್ ಸದ್ದನ್ನು ಕಿರಿದಾಗಿಸುವ ಮಾಮೂಲಿ ವಿಧಾನವಾದ ಎಸ್‌ಬಿಸಿಯಲ್ಲಿ ಉಳಿಯುವುದು ಸುಮಾರು 328. ಸಿಂಬಲ್‌ನ ಝಣತ್ಕಾರ ಕರಗುವ ಜಾಗದಲ್ಲಿ ಅದು ತಿಳಿಯುತ್ತದೆ. ಅಂಥದ್ದೇ ಇನ್ನೊಂದು ವಿಧಾನವಾದ ಎಲ್‌ಡಿಎಸಿ 990ರವರೆಗೆ ಹೋಗುತ್ತದೆ, ಅದು ಬಹಳ ಹಿತ. ಫೋನಿನಲ್ಲೂ ಡ್ಯಾಕ್‌ನಲ್ಲೂ ಎರಡೂ ಕಡೆ ಇರಬೇಕು.

ಯುಎಸ್‌ಬಿಯನ್ನು ನಾನು ಕೈಬಿಟ್ಟಿಲ್ಲ. ಅಸಿಂಕ್ರೋನಸ್ ಯುಎಸ್‌ಬಿಯಲ್ಲಿ ತಾಳ ಹಾಕುವುದು ಡ್ಯಾಕ್‌ನೊಳಗಿನ ಕ್ಲಾಕ್, ಕಂಪ್ಯೂಟರ್ ಅದಕ್ಕೆ ಹೊಂದಿಕೊಳ್ಳುತ್ತದೆ. 192ರ ಫೈಲೂ ಅಡ್ಡಿಯಿಲ್ಲದೆ ಬರುತ್ತದೆ. ಅಂಥ ರೆಕಾರ್ಡಿಂಗ್ ಕೇಳುವ ಸಂಜೆ ಮೊದಲೇ ಬ್ಯಾಟರಿ ತುಂಬಿಸಿಕೊಂಡು, ಚಾರ್ಜರ್ ಕಿತ್ತಿಟ್ಟು ಕೂರುತ್ತೇನೆ. ಉಳಿದ ದಿನ ಆಪ್ಟಿಕಲ್.